ಕೃಷಿ ಮೇಳದಲ್ಲಿ ಅತ್ತೆಯ ಚೀಲ

ನಮ್ಮ ಅತ್ತೆಗೆ ದೇವರ ಮೇಲೆ ಪೂರ್ತಿ ನಂಬಿಕೆ. ಪೂಜಾರಿ ಕೊಡುವ ತೀರ್ಥದ ಮೇಲೆ ಮಾತ್ರ ಇಲ್ಲ! ಅದು ಯಾವ ಟ್ಯಾಂಕರಿನ ನೀರೋ ಎಂದು ಕಣ್ಣಿಗೊತ್ತಿಕೊಂಡು, ತಲೆಗೆ ಸವರಿಕೊಂಡು, ಕುಡಿದಂತೆ ನಟಿಸಿ ಬರುತ್ತಾಳೆ. ಅತ್ತೆ ಎಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ, ಈ ಕಥೆ ನಡೆದಾಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಇವಳು ನಮ್ಮಪ್ಪನ ಅಕ್ಕ. ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಆಗಿನಿಂದ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ನನ್ನನ್ನು ಸಾಕಿದವಳು ಅತ್ತೆ. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನದ ಉಪಚಾರವಿಲ್ಲ.

ಅವಳ ಹೆಗಲಲ್ಲಿ ಸದಾ ಒಂದು ಖಾಕಿ ಚೀಲ. ಅದರಲ್ಲಿ ಮನೆಯಲ್ಲೇ ಕಾಯಿಸಿ ಆರಿಸಿದ ನೀರು, ಬೆಂಕಿಪೊಟ್ಟಣ, ತರಕಾರಿಯವರ ತಕ್ಕಡಿಯನ್ನು ಪರೀಕ್ಷಿಸಲು ಅರ್ಧ ಕೇಜಿಯ ತೂಕದ ಕಲ್ಲು, ಟೀಪುಡಿಯಲ್ಲಿ ಕಬ್ಬಿಣದ ಚೂರಿದೆಯೇ ಎಂದು ನೋಡಲು ಅಯಸ್ಕಾಂತ! ಒಳಜೇಬಿನಲ್ಲಿ, ಪಿನ್ನು ಚುಚ್ಚಿದ ಬಟ್ಟೆಯ ಗಂಟಿನಲ್ಲಿ, ನನ್ನ ಅಮ್ಮನ ಎರಡು ಚಿನ್ನದ ಬಳೆ. ನನ್ನ ಮದುವೆಗೆಂದು ಎತ್ತಿಟ್ಟದ್ದು. ಮನೆಯ ಬೀರುವನ್ನು ಅವಳು ನಂಬುವುದಿಲ್ಲ, ಬ್ಯಾಂಕಿನ ಲಾಕರಿನ ಸುದ್ದಿಯನ್ನಂತೂ ಎತ್ತಲೇ ಕೂಡದು. ಆ ಚೀಲವನ್ನು ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ನನ್ನ ಕೈಗೂ!

ಇಂಥವಳನ್ನು ನಾನು ಕೃಷಿ ಮೇಳಕ್ಕೆ ಹೊರಡಿಸಿದ್ದೆ. ಕಾರಣವಿತ್ತು. ಅಲ್ಲಿ ಒಬ್ಬನ ಜೇನಿನ ಮಳಿಗೆಯಿತ್ತು. ಇಂದಿರಾನಗರದ ನಮ್ಮ ಆಫೀಸಿನ ಬಾಲ್ಕನಿಯಲ್ಲಿ ಜೇನು ಕಟ್ಟಿದಾಗ ಅದನ್ನು ಬಿಡಿಸಿಕೊಂಡು ಹೋಗಲು ಬಂದವನು ಅವನು. ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕಿರುಚುತ್ತಿದ್ದರೆ, ಅವನು ಹುಳಗಳ ಜೊತೆ ಮಾತಾಡುತ್ತಾ ಒಂದನ್ನೂ ಕೊಲ್ಲದೆ ಪೆಟ್ಟಿಗೆಗೆ ಇಳಿಸಿದ. ಆಮೇಲೆ ಅವನು ಕೊಟ್ಟ ಒಂದು ಬಾಟಲಿ ಜೇನು ನಮ್ಮ ಅಡುಗೆಮನೆ ಸೇರಿತು, ಅವನು ನನ್ನ ತಲೆ ಸೇರಿದ. ಹಲಸೂರಿನವನು, ಮನೆಮಾತು ತಮಿಳು. ಅತ್ತೆ ಒಪ್ಪದೆ ಮದುವೆಯಿಲ್ಲ ಎಂದು ನಾನೇ ಅವನಿಗೆ ಹೇಳಿಬಿಟ್ಟಿದ್ದೆ. ಆದರೆ ಅತ್ತೆಗೆ ಹೇಳುವ ಧೈರ್ಯ ಯಾರಿಗಿದೆ? ಮೇಳದಲ್ಲಿ ಆಕಸ್ಮಿಕವಾಗಿ ಎದುರಾದಂತೆ ಮಾಡೋಣ, ಮೊದಲು ಮನುಷ್ಯನನ್ನು ನೋಡಲಿ ಎಂಬುದು ನನ್ನ ಉಪಾಯ.

"ನಮ್ಮನೇಲಿ ತುಳಸಿ ಗಿಡಾನೇ ಒಣಗೋಗಿದೆ. ಕೃಷಿ ಮೇಳ ಯಾಕೆ?" ಅತ್ತೆ ಕಣ್ಣು ಕಿರಿದು ಮಾಡಿದಳು.

"ಸುಮ್ನೆ ಅತ್ತೆ, ನೋಡ್ಕೊಂಡ್ ಬರೋಣ."

"ಸುಮ್ನೆ ಅಂತ ನೀನು ಯಾವತ್ತು ಏನ್ ಮಾಡಿದ್ದೀಯ?" ಎಂದು ಗೊಣಗಿದಳಾದರೂ ನೀರು ಕಾಯಿಸಲು ಇಟ್ಟಳು.

ಹೆಬ್ಬಾಳ ದಾಟಿ ಮೇಳದ ಗೇಟಿನ ಹತ್ತಿರ ಇಳಿದೆವು. ಮೈದಾನ ಅಲ್ಲಿಂದ ದೂರ, ಕರೆದೊಯ್ಯಲು ಉಚಿತ ಬಸ್ಸು ನಿಂತಿತ್ತು. "ಬನ್ನಿ ಅಮ್ಮಾ, ಫ್ರೀ!" ಎಂದು ಕಂಡಕ್ಟರ್ ಕೂಗಿದ್ದೇ ತಪ್ಪಾಯಿತು.

"ಫ್ರೀ ಅಂದ್ಮೇಲೆ ಎಲ್ಲೋ ಕೂರಿಸ್ಕೊಂಡು ಏನೋ ತಲೆಗೆ ಕಟ್ತಾರೆ. ನಡಿ!"

ಎರಡು ಕಿಲೋಮೀಟರ್ ನಡೆದೆವು. ಜನರನ್ನು ಇಳಿಸಿ ವಾಪಸಾಗುವ ಖಾಲಿ ಬಸ್ಸುಗಳು ಪಕ್ಕದಲ್ಲೇ ಹೋಗುತ್ತಿದ್ದವು. ಖಾಲಿಯಾಗಿ ಹೋಗುತ್ತಿರುವುದು ಅತ್ತೆಯ ಅನುಮಾನವನ್ನು ಇನ್ನಷ್ಟು ಬಲಪಡಿಸಿತು!

ಒಳಗೆ ಜನವೋ ಜನ. ಆಳೆತ್ತರದ ಟ್ರ್ಯಾಕ್ಟರು, ಔಷಧಿ ಸಿಂಪಡಿಸುವ ಡ್ರೋನು, ಮಗು ಕೂರುವಷ್ಟು ದೊಡ್ಡ ಕುಂಬಳಕಾಯಿ. ಅತ್ತೆ ಕುಂಬಳಕಾಯಿಯನ್ನು ಬಾಗಿಲು ಬಡಿದ ಹಾಗೆ ಬಡಿದು ಕಿವಿಗೊಟ್ಟು ಕೇಳಿದಳು. ಕರೀ ಹೋರಿಯೊಂದರ ಮುಂದೆ ಜನ ಸೆಲ್ಫಿಗೆ ಮುಗಿಬಿದ್ದಿದ್ದರೆ, ಇವಳು ಕರ್ಚೀಫು ಒದ್ದೆ ಮಾಡಿಕೊಂಡು ಹೋಗಿ ಅದರ ಪಕ್ಕೆ ಉಜ್ಜಿಬಿಟ್ಟಳು!

"ಏನಕ್ಕಾ ಮಾಡ್ತಿದ್ದೀರಾ?" ಹೋರಿಯವರು ಗಾಬರಿಯಾದರು.

"ಬಣ್ಣ ಬಿಡುತ್ತಾ ಅಂತ ನೋಡ್ದೆ."

ಕರ್ಚೀಫು ನಿಜಕ್ಕೂ ಕಪ್ಪಾಗಿತ್ತು. "ಬೆಳಿಗ್ಗೆ ಎಣ್ಣೆ ಹಚ್ಚಿದ್ದೀನಿ ಅಕ್ಕಾ, ಧೂಳು ಕೂತಿದೆ" ಎಂದು ಅವರು ಅಲವತ್ತುಕೊಂಡರು. ಅತ್ತೆ ಬಿಟ್ಟಾಳೆಯೇ? ಆ ಕರ್ಚೀಫನ್ನು ಕೋರ್ಟಿನ ಸಾಕ್ಷಿಯಂತೆ ಮಡಿಸಿ ಇಟ್ಟುಕೊಂಡಳು. ಊಟದ ಹೊತ್ತಿಗೆ ಅವಳು ಕೈಕಾಲು ತೊಳೆಯಲು ಶೌಚಾಲಯಕ್ಕೆ ಹೊರಟಾಗ "ಚೀಲ ಕೊಡು, ಹಿಡ್ಕೊಂಡಿರ್ತೀನಿ" ಎಂದೆ. ಹೊಸದಾಗಿ ನೋಡುವವಳಂತೆ ನನ್ನನ್ನು ನೋಡಿ, ಚೀಲದ ಸಮೇತ ಒಳಗೆ ಹೋದಳು.

ಕೊನೆಗೆ ಜೇನಿನ ಮಳಿಗೆ ಬಂತು.

"ಬನ್ನಿ ಅಮ್ಮಾ" ಎಂದ ಅವನು.

"ನಾನ್ಯಾವಾಗ ನಿನಗೆ ಅಮ್ಮ ಆದೆ?" ಎಂದು ಅತ್ತೆ ಚೀಲ ಬಿಚ್ಚಿದಳು.

ಕಡ್ಡಿಯನ್ನು ಜೇನಿಗೆ ಅದ್ದಿ ಗೀರಿದಳು, ಹತ್ತಿಕೊಂಡಿತು. ಲೋಟದ ನೀರಿಗೆ ಒಂದು ಹನಿ ಬಿಟ್ಟಳು, ಕರಗದೆ ತಳ ಸೇರಿತು. ನನಗೆ ಉಸಿರು ಬಂತು. ಇನ್ನು ಉಳಿದದ್ದು ನಾಯಿ. ಶುದ್ಧ ಜೇನನ್ನು ನಾಯಿ ಮೂಸುವುದಿಲ್ಲ ಎಂಬುದು ಅತ್ತೆಯ ಶಾಸ್ತ್ರ. ಎಲೆಯ ಮೇಲೆ ನಾಲ್ಕು ಹನಿ ಹಾಕಿ ಅಲ್ಲೇ ಮಲಗಿದ್ದ ಬೀದಿನಾಯಿಯ ಮುಂದಿಟ್ಟಳು. ಆ ಪಾಪಿ ಎದ್ದು, ಬಾಲ ಅಲ್ಲಾಡಿಸಿ, ಎಲೆಯನ್ನೂ ಬಿಡದೆ ನೆಕ್ಕಿತು! ನನ್ನ ಮದುವೆ ಮುಗಿಯಿತು ಎಂದುಕೊಂಡೆ.

"ಏನಪ್ಪಾ ಇದು?"

"ಅದಕ್ಕೆ ಹಸಿವು ಅಮ್ಮಾ. ನಾಯಿ ನೆಕ್ತು ಅಂತ ಬೇಡ ಅನ್ಬೇಡಿ. ಹಾಗೇ, ಕಡ್ಡಿ ಉರೀತು ಅಂತಾನೂ ನಂಬ್ಬಿಡ್ಬೇಡಿ. ಆ ಟೆಸ್ಟೆಲ್ಲಾ ಸುಮ್ನೆ."

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಪಾಸಾದದ್ದನ್ನೂ ಕೆಡಿಸಿಕೊಳ್ಳುವವರುಂಟೇ? ಅತ್ತೆ ಹಿಂದಿನ ಸಾಲಿನ ಕಪ್ಪು ಬಾಟಲಿಗಳತ್ತ ಬೆರಳು ತೋರಿಸಿದಳು.

"ಅದೂ ನಿನ್ನ ಪೆಟ್ಟಿಗೇದೇನಾ?"

"ಇಲ್ಲಮ್ಮಾ. ಬೇರೆಯವರ ಹತ್ರ ತಗೊಂಡಿದ್ದು. ಕಾಡುಜೇನು ಅಂತ ಅವರು ಹೇಳಿದ್ರು, ನಾನು ಕಣ್ಣಾರೆ ನೋಡಿಲ್ಲ. ಅದಕ್ಕೇ ಬಾಟ್ಲಿ ಮೇಲೆ ಹಾಗಂತ ಬರ್ದಿಲ್ಲ. ನಂಗೇ ಸ್ವಲ್ಪ ಡೌಟು."

"ಡೌಟಾ?" ಅತ್ತೆಯ ಮುಖ ಅರಳಿತು. ಪರವೂರಿನಲ್ಲಿ ನಮ್ಮೂರಿನವರು ಸಿಕ್ಕಿದರೆ ಆಗುತ್ತದಲ್ಲ, ಹಾಗೆ. ತನ್ನ ಅಂಗಡಿಯ ಸಾಮಾನನ್ನು ತಾನೇ ಅನುಮಾನಿಸುವವನನ್ನು ಅವಳು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಆರು ತಿಂಗ್ಳಿಂದ ನಮ್ಮ ಅಡುಗೆಮನೆ ಶೆಲ್ಫಲ್ಲಿ ಲೇಬಲ್ ಇಲ್ಲದ ಬಾಟ್ಲಿ ಕೂತಿದ್ಯಲ್ಲ, ಅದು ಇವನದ್ದೇ ತಾನೆ?"

ನಾನು ಮೇಜಿನ ಮೇಲಿನ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದೆ.

"ಆಫೀಸಲ್ಲಿ ಕೊಟ್ರು ಅಂದೆ ನೀನು. ಯಾವ ಆಫೀಸಲ್ಲಿ ಜೇನು ಕೊಡ್ತಾರೆ? ಮುಚ್ಚಳ ತೆಗ್ದಿಟ್ಟು ದಿನಾ ನೋಡ್ದೆ. ಒಂದೇ ಒಂದು ಇರುವೆ ಹತ್ರ ಬಂದಿಲ್ಲ."

ಇರುವೆಯ ಪರೀಕ್ಷೆಯೂ ಸುಮ್ಮನೆ ಎನ್ನಲು ಆ ಸತ್ಯಸಂಧ ಬಾಯಿ ತೆರೆದ. ನಾನು ಕಣ್ಣಲ್ಲೇ ಸುಟ್ಟೆ, ಮುಚ್ಚಿಕೊಂಡ.

ಅತ್ತೆ ಮತ್ತೇನೂ ಕೇಳಲಿಲ್ಲ. ಊರು, ಜಾತಿ, ಭಾಷೆ, ಸಂಬಳ ಯಾವುದನ್ನೂ. ಹೆಗಲಿನಿಂದ ಚೀಲ ಇಳಿಸಿ, ಮೇಜಿನಾಚೆ ಅವನ ಕಡೆ ಚಾಚಿದಳು.

"ಕೈಯೆಲ್ಲಾ ಅಂಟು. ಹಿಡ್ಕೋಪ್ಪ, ತೊಳ್ಕೊಂಡ್ ಬರ್ತೀನಿ" ಎಂದವಳು ತಿರುಗಿಯೂ ನೋಡದೆ ನಲ್ಲಿಯ ಕಡೆ ನಡೆದಳು. ಬರಿ ಹೆಗಲಿನ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣವಳಾಗಿದ್ದಾಳೆ ನಮ್ಮತ್ತೆ! ನನಗೆ ಅಳು ತಡೆಯಲಾಗಲಿಲ್ಲ.

ಅವನಿಗೇನು ಗೊತ್ತು? "ಅಪ್ಪಾ, ಇಷ್ಟು ಭಾರ! ಏನಿಟ್ಟಿದ್ದಾರೆ ಇದ್ರಲ್ಲಿ?" ಎಂದು ಚೀಲವನ್ನು ನೆಲಕ್ಕಿಡಲು ಬಗ್ಗಿದ.

"ಕೆಳಗಿಡ್ಬೇಡ," ಎಂದೆ.