ನಡುಗದ ಗೆರೆ

ಬೆಳಿಗ್ಗೆ ಹತ್ತಕ್ಕೆ ಗೆರೆ ದಿಢೀರನೆ ಜಾರಿತು. ಗ್ರಾಫಣ್ಣನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ನೀರು ಸರಬರಾಜು ಕಚೇರಿಯ ಮೇಲಿನ ಕೋಣೆಯಲ್ಲಿ ಒಂದು ಯಂತ್ರವಿತ್ತು. ಮುಖ್ಯ ಪೈಪಿನ ಒತ್ತಡವನ್ನು ಅದರ ಮುಳ್ಳು ಕಾಗದದ ಮೇಲೆ ಗೀಚುತ್ತಿತ್ತು. ಅದನ್ನು ನೋಡುತ್ತಾ ಕೂರುವುದೇ ಅವನ ನೌಕರಿ. ಊರಿನ ಸಾವಿರಾರು ನಲ್ಲಿಗಳು ತೆರೆದು ಮುಚ್ಚುತ್ತಿದ್ದರೆ ಗೆರೆ ನಡುಗದೆ ಇನ್ನೇನು ಮಾಡೀತು? ನಡುಕಕ್ಕೆ ತಲೆ ಕೆಡಿಸಿಕೊಳ್ಳಬಾರದು. ಗೆರೆ ಕೆಳಗಿಳಿದು ಹತ್ತು ನಿಮಿಷ ಅಲ್ಲೇ ಉಳಿದರೆ ಪೈಪು ಒಡೆದಿದೆ, ಸೈರನ್ ಒತ್ತಬೇಕು. ಅವನು ಈಗಾಗಲೇ ಎರಡು ಸಲ ಅವಸರಪಟ್ಟು ಒತ್ತಿ, ಚೆನ್ನಾಗಿದ್ದ ರಸ್ತೆಗಳನ್ನು ಅಗೆಸಿದ್ದ. ಇನ್ನೊಂದು ಸಲ ಸುಳ್ಳಾದರೆ ನೆಲಮಾಳಿಗೆಯ ಉಗ್ರಾಣಕ್ಕೆ ಎತ್ತಂಗಡಿ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಉಬ್ಬಸದ ಮನುಷ್ಯ ಆ ಥಂಡಿಯಲ್ಲಿ ಎಷ್ಟು ದಿನ ಬದುಕಿಯಾನು?

ಗಡಿಯಾರ ನೋಡುತ್ತಾ ಕೂತ. ಎಂಟನೇ ನಿಮಿಷಕ್ಕೆ ಗೆರೆ ಒಂದಿಷ್ಟು ಮೇಲೆದ್ದು ಮತ್ತೆ ಜಾರಿತು.

"ನೋಡಿದ್ರಾ? ಸುಮ್ನೆ ಗಾಬರಿ ನಿಮ್ಗೆ," ಎಂದಳು ಟೈಪಿಸ್ಟ್ ಅಕ್ಕ. "ಮೊದಲಿಂದ ಎಣಿಸಿ."

ಎಣಿಸಿದ. ಒಂಬತ್ತನೇ ನಿಮಿಷಕ್ಕೆ ಮತ್ತೆ ಎದ್ದಿತು. ಗುಮಾಸ್ತ ಬಂದು "ಒತ್ತಿಬಿಡಿ" ಎಂದ, ಅಕ್ಕ "ಒತ್ತಬೇಡಿ" ಎಂದಳು. ಗ್ರಾಫಣ್ಣನ ಕೈ ಸೈರನ್ ಗುಂಡಿಯತ್ತ ಹೋಗುತ್ತಾ ಬರುತ್ತಾ ಇತ್ತು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ನುಗ್ಗಿದ. "ನಡುಗೋದು ತಾನೇ ನಿಮ್ಮ ತೊಂದರೆ? ಸ್ಕ್ರೂ ಸಡಿಲ ಆಗಿದೆ ಅಣ್ಣಾ!" ಎಂದವನೇ, ಬೇಡವೆನ್ನುವ ಮೊದಲೇ ಮುಳ್ಳನ್ನು ಎಂದಿನ ಎತ್ತರಕ್ಕೆ ಸರಿಸಿ ಗಟ್ಟಿಯಾಗಿ ತಿರುಪಿದ. ಗೆರೆ ಸ್ಕೇಲಿಟ್ಟು ಎಳೆದ ಹಾಗೆ ಓಡತೊಡಗಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ಗ್ರಾಫಣ್ಣ ನೆಮ್ಮದಿಯಾಗಿ ಚಹಾ ಕುಡಿದ. ಕೊನೆಯ ಗುಟುಕಿಗೆ ಮೊದಲು ಮತ್ತೊಮ್ಮೆ ಗೆರೆಯತ್ತ ನೋಡಿದ. ಇಡೀ ಊರಿನಲ್ಲಿ ಒಬ್ಬನೂ ನಲ್ಲಿ ತಿರುಗಿಸುತ್ತಿಲ್ಲವೇ? ಗೆರೆ ನಡುಗದಿರುವುದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆಯಲ್ಲವೇ?

ಸೈರನ್ ಒತ್ತಿಯೇಬಿಟ್ಟ.

ಕಚೇರಿಯ ಜನ ಗುದ್ದಲಿ ಹಿಡಿದು ಬೀದಿಬೀದಿ ಅಲೆದು, ಮೂರು ಕಡೆ ಅಗೆದು, ಒಣ ಮಣ್ಣು ಮೆತ್ತಿಕೊಂಡು ವಾಪಸಾದರು. ಸಾಹೇಬರು ಕಾಗದ ಹಿಡಿದು ನಿಂತರು.

"ಎಲ್ರೀ ಬಿದ್ದಿದೆ ಗೆರೆ?"

"ಬಿದ್ದಿಲ್ಲ ಸಾರ್. ನಡುಗ್ತಾ ಇಲ್ಲ. ಸ್ಕ್ರೂ..."

"ನಡುಗಿದ್ರೂ ಕೂಗ್ತೀರಿ, ನಡುಗದಿದ್ರೂ ಕೂಗ್ತೀರಿ! ಇಳೀರಿ ಉಗ್ರಾಣಕ್ಕೆ. ಈ ಕುರ್ಚೀಲಿ ಇನ್ಮೇಲೆ ಎಲೆಕ್ಟ್ರಿಷಿಯನ್ ಕೂರ್ತಾನೆ. ಗೆರೆ ನೆಟ್ಟಗೆ ಮಾಡಿದ್ದು ಅವನೇ."

ಗ್ರಾಫಣ್ಣನಿಗೆ ಅಳು ಬಂತು. ಊಟದ ಡಬ್ಬಿ, ಉಬ್ಬಸದ ಮಾತ್ರೆ, ಆದೇಶದ ಕಾಗದ ಹಿಡಿದು ಮೆಟ್ಟಿಲಿಳಿದ. ಉಗ್ರಾಣದ ಬಾಗಿಲು ತಳ್ಳಿದರೆ ನೀರು ಮೊಣಕಾಲಿಗೆ ಬಂದು ಬಡಿಯಿತು. ಗೋಡೆಯ ಬುಡದಲ್ಲಿ ಮುಖ್ಯ ಪೈಪು ಬಾಯಿಬಿಟ್ಟು ಬುಸುಗುಡುತ್ತಿತ್ತು. ಊರೆಲ್ಲ ಅಗೆದವರು ತಮ್ಮ ಕಚೇರಿಯ ಅಡಿಯನ್ನು ಮಾತ್ರ ನೋಡಿರಲಿಲ್ಲ.

ಸತ್ಯ ಕಡೆಗೂ ಸಿಕ್ಕಿತ್ತು! ಗೋಡೆಯ ಫೋನಿನಲ್ಲಿ ಮೇಲಿನ ಕೋಣೆಗೆ ಕೂಗಿದ: "ಸೈರನ್ ಒತ್ತೋ! ಪೈಪ್ ಇಲ್ಲೇ ಒಡೆದಿದೆ!"

ಆ ಕಡೆಯಿಂದ ಎಲೆಕ್ಟ್ರಿಷಿಯನ್‌ನ ಗಂಭೀರ ದನಿ ಬಂತು. "ಗೆರೆ ನೆಟ್ಟಗಿದೆ ಅಣ್ಣಾ. ನಿಮ್ಮ ಹಾಗೆ ನಾನು ಅವಸರ ಪಡೋನಲ್ಲ. ಅದು ಬೀಳಲಿ, ಬಿದ್ದು ಹತ್ತು ನಿಮಿಷ ಆಗಲಿ, ಆಮೇಲೆ ನೋಡೋಣ."

ಗ್ರಾಫಣ್ಣ ಮೇಜಿನ ಮೇಲೆ ಹತ್ತಿ ಕಾಲು ಮಡಿಸಿ ಕೂತ. ಏದುಸಿರು ಬಿಡುತ್ತಾ, ಅಭ್ಯಾಸಬಲದಿಂದ, ಗಡಿಯಾರ ನೋಡಿಕೊಂಡ.