ಕೊನೆಯ ಮಾತು ಕೇಳುವ ಕಂಪ್ಯೂಟರ್

ನನ್ನ ಬಾಯಿಂದ ಮೊದಲು ಬರುವ ಮಾತು ಯಾವತ್ತೂ ಕೊನೆಯದಲ್ಲ. ಇದು ಸುಳ್ಳಲ್ಲ, ವ್ಯವಹಾರ. ಎದುರಿನವನು ಹೇಗೂ ಜಗ್ಗಾಡುತ್ತಾನೆ, ಅವನು ಜಗ್ಗಲೆಂದೇ ನಾಲ್ಕು ಗೇಣು ಹಗ್ಗ ಹೆಚ್ಚು ಬಿಟ್ಟಿರಬೇಕು. ಒಂದೇ ಒಂದು ಹರಕು ತಾಡಪತ್ರಿಯಿಂದ ಶುರುಮಾಡಿದ ನಾನು ಇವತ್ತು ಆಳಂದದಲ್ಲಿ ಮೂರು ಟೆಂಪೊ ಇಟ್ಟುಕೊಂಡು ಮದುವೆಗಳಿಗೆ ಶಾಮಿಯಾನ, ಕುರ್ಚಿ, ಹಂಡೆ ಬಾಡಿಗೆ ಕೊಡುತ್ತಿದ್ದರೆ ಅದು ಆ ಹಗ್ಗದ ಪುಣ್ಯ. ನನ್ನ ಕೊನೆಯ ಮಾತು ಯಾವುದೆಂದು ಮೂವತ್ತು ವರ್ಷ ಸಂಸಾರ ಮಾಡಿದ ನೀಲಮ್ಮನಿಗೂ ಗೊತ್ತಿಲ್ಲ. ವ್ಯಾಪಾರಕ್ಕೆ ಇಳಿಯುವವರಿಗೆಲ್ಲ, ಕೇಳಲಿ ಬಿಡಲಿ, ಇದೇ ಉಪದೇಶ ಕೊಡುತ್ತಿದ್ದೆ. ಹೋದ ಮದುವೆ ಸೀಜನ್‌ವರೆಗೆ.

ಆಗ ಒಂದೇ ದಿನ ಐದು ಮದುವೆ ಒಪ್ಪಿಕೊಂಡಿದ್ದೆ. ಖಜೂರಿ, ನರೋಣಾ, ಗೊಬ್ಬೂರದಲ್ಲಿ ಒಂದೊಂದು, ಜೇವರ್ಗಿ ಕಡೆ ಎರಡು. ಗೊಬ್ಬೂರದ ಸಿದ್ದಣ್ಣನವರ ಹಿರಿಮಗಳ ಮದುವೆಯಲ್ಲಿ ಯಾರದೋ ಹಂಡೆ ತಡವಾಗಿ ಬಂದು ಊಟ ಸಂಜೆಗೆ ಬಿದ್ದಿತ್ತಂತೆ. "ಬೀಗರು ಇನ್ನೂ ಆಡ್ಕೋತಾರ್ರಿ ಶರಣಪ್ಪನವರ. ಸಣ್ಣಾಕಿ ಮದವ್ಯಾಗ ಹತ್ತಕ್ಕ ಹಂಡೆ ಒಲಿ ಮ್ಯಾಲ ಇರಬೇಕು" ಎಂದು ಕೈ ಹಿಡಿದುಕೊಂಡಿದ್ದರು. ನಾನೂ ಮಾತು ಕೊಟ್ಟಿದ್ದೆ.

ಯಾವ ಗಾಡಿ ಎಲ್ಲಿಗೆ ಎಂದು ತಲೆ ಕೆಟ್ಟು ನಸ್ರೀನಳ ಬಳಿ ಹೋದೆ. ನನ್ನ ಶಾಮಿಯಾನ ಹೊಲಿಯುವ ಗೆಳೆಯನ ಮಗಳು, ಬಸ್‌ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಗಾಡಿ, ದಾರಿ, ಹೊತ್ತು ಎಲ್ಲ ತುಂಬಿದರೆ ಒಳ್ಳೆಯ ಏರ್ಪಾಡನ್ನು ತಾನೇ ಹುಡುಕಿಕೊಡುವ ಸಾಫ್ಟ್‌ವೇರ್ ಅವಳಲ್ಲಿದೆ. ನರೋಣಾದಲ್ಲಿ ಸಾಮಾನು ಇಳಿಸಲು ಜೊತೆಗೆ ಬಂದಿದ್ದ ಡ್ರೈವರ್ ಮಹಾದೇವ ಎರಡು ತಾಸು ಅಂದ. ಅವನು ಹೆಚ್ಚೇ ಹೇಳಿದ್ದಾನೆಂದು ಗೊತ್ತಿದ್ದೂ ಅದರ ಮೇಲೆ ನಾನು ಅರ್ಧ ತಾಸು ಸೇರಿಸಿದೆ. ಗೋದಾಮಿನಲ್ಲಿ ಗಾಡಿ ತುಂಬುವ ಹೊತ್ತನ್ನೂ ಹೀಗೇ ಧಾರಾಳವಾಗಿ ಬರೆಸಿದೆ. ನಾಲ್ಕೇ ಮದುವೆ ಸಾಧ್ಯ, ಗೊಬ್ಬೂರ ಆಗದು ಎಂದಿತು ಯಂತ್ರ.

"ಸ್ವಲ್ಪ ಜಗ್ಗಾಡು ಅನ್ನು ಬೇಟಿ ಅದಕ್ಕ."

"ಅದು ಜಗ್ಗಾಡೂದಿಲ್ರಿ ಕಾಕಾ. ನೀವು ಹೇಳಿದ್ದು ಖರೇ ಅಂತ ನಂಬ್ತದ."

ನನ್ನ ಮೊದಲ ಮಾತನ್ನು ನಂಬುವವರನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ.

ಹುಡುಗಿ ಜಾಣೆ. "ಹಂಗಾರ ಅದಕ್ಕ ಚೌಕಾಶಿ ಕಲಸೂಣು" ಎಂದು ಮ್ಯಾಕ್ರೋ ಬರೆಯಲು ಕೂತಳು. ಮ್ಯಾಕ್ರೋ ಎಂದರೆ ಹೆದರಬೇಡಿ. ಗೋದಾಮಿನಲ್ಲಿ ನಾನು "ಖಜೂರಿ ಸೆಟ್!" ಎಂದು ಕೂಗಿದರೆ ಇನ್ನೂರು ಕುರ್ಚಿ, ಆರು ಹಂಡೆ, ಎರಡು ಜಮಖಾನೆ ತಾವಾಗಿ ಹೊರಬರುತ್ತವಲ್ಲ, ಅದೇ. ಚಿಕ್ಕದೊಂದು ಸಾಲು ಕೊಟ್ಟರೆ ಯಂತ್ರ ಅದನ್ನು ಪುಟಗಟ್ಟಲೆ ಬಿಡಿಸಿಕೊಂಡು, ನಮಗೆ ಬೇಕಾದ ಹಾಗೆ ಹುಡುಕುವ ಹೊಸ ಜಾತಿಯನ್ನೇ ಹುಟ್ಟಿಸುತ್ತದೆ. ಕಂಪ್ಯೂಟರ್ ಭಾಷೆಯಲ್ಲಿ ಆ ಜಾತಿಗೂ ಕ್ಲಾಸ್ ಎಂದೇ ಹೆಸರಂತೆ. ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಮೊದಲ ಮಾತು, ಕೊನೆಯ ಮಾತು. ಮೊದಲ ಮಾತಿನಿಂದ ಹುಡುಕಾಟ ಶುರು. ದಾರಿ ಕಟ್ಟಿದರೆ, ಎಲ್ಲಿ ಹಗ್ಗ ಹೆಚ್ಚು ಸಡಿಲವಾಗಿದೆಯೋ ಅಲ್ಲಿ ಕಾಲು ತಾಸು ಕಡಿತ. ಮತ್ತೆ ಹುಡುಕಾಟ. ಕೊನೆಯ ಮಾತಿಗೆ ನಿಲ್ಲಬೇಕು. ನಾನು ಇಪ್ಪತ್ತು ವರ್ಷ ಬಜಾರಿನಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಈ ಹುಡುಗಿ ಒಂದು ಸಾಲಿನಲ್ಲಿ ಕೂರಿಸಿದ್ದಳು! ಎದ್ದು ಸಲಾಂ ಹೊಡೆಯೋಣ ಅನ್ನಿಸಿತು.

"ಗೋದಾಮಿನ್ಯಾಗ ಗಾಡಿ ತುಂಬಾಕ ನಿಮ್ಮ ಕೊನೀ ಮಾತು ಹೇಳ್ರಿ ಕಾಕಾ."

"ಮೊದಲ ಇಂವ ಹೇಳ್ಲಿ" ಎಂದು ಮಹಾದೇವನ ಕಡೆ ಕೈಮಾಡಿದೆ.

"ಧಣಿ ಹೇಳಿದ ಮ್ಯಾಲೇ ನಾ ಹೇಳಾಂವ" ಅಂದ ಅವನು.

ನಸ್ರೀನ್ ಫೋನ್ ಎತ್ತಿಕೊಂಡಳು. "ಸಿದ್ದಣ್ಣನವರಿಗೆ ಹೇಳಿಬಿಡ್ಲೇನ್ರಿ, ಹಂಡೆ ಬರೂದಿಲ್ಲಂತ?"

ಇಬ್ಬರೂ ಸರದಿಯಲ್ಲಿ ಹೋಗಿ, ಒಬ್ಬರಿಗೊಬ್ಬರು ಕೇಳದಂತೆ, ಅವಳ ಕಿವಿಯಲ್ಲಿ ಪಿಸುಗುಟ್ಟಿದೆವು. ಮಧ್ಯಾಹ್ನ ಅವಳ ಫೋನ್ ಬಂತು: ದಾರಿ ಸಿಕ್ಕಿದೆ, ನರೋಣಾದಲ್ಲಿ ಇಳಿಸಿದ ಗಾಡಿಯೇ ಮುಂದೆ ಗೊಬ್ಬೂರಕ್ಕೆ.

ಮದುವೆಯ ದಿನ ಒಂಬತ್ತೂವರೆಗೆ ಸಿದ್ದಣ್ಣನವರ ಕರೆ. "ಹಂಡೆ ಒಲಿ ಏರಿದ್ವು ನೋಡ್ರಿ! ಬೀಗರದಿನ್ನೂ ಜಳಕಾನೇ ಆಗಿಲ್ಲ!"

ಪೇಡೆ ಹಿಡಿದು ನಸ್ರೀನಳ ಬಳಿ ಓಡಿದೆ. ಪರದೆಯ ಮೇಲೆ ನನ್ನ ಸಾಲು ಕಾಣಿಸಿತು. ಕೊನೆಯ ಮಾತು: ಒಂದು ತಾಸು.

"ನಾ ಒಂದೂವರಿ ಅಂದಿದ್ನಲ್ಲ ಬೇಟಿ?"

"ಅದಕ್ಕೂ ದಾರಿ ಸಿಗಲಿಲ್ರಿ. ಮನ್ಯಾಗ ನೀಲಮ್ಮ ಕಾಕೂಗ ಫೋನ್ ಮಾಡಿದೆ. 'ಒಂದು ತಾಸು ಬರಕೋ, ಅರ್ಧ ತಾಸು ಅವರು ಜಗ್ಗಾಡಾಕ ಇಟ್ಕೊಂಡಿರ್ತಾರ' ಅಂದ್ರು."

ಮನೆಗೆ ಬಂದೆ. "ಊಟಕ್ಕ ಎಷ್ಟೊತ್ತಿಗೆ ಕೂಡ್ತೀರಿ?" ಎಂದಳು ನೀಲಮ್ಮ. "ಎರಡಕ್ಕ" ಅಂದೆ. "ಹೂಂ" ಎಂದು ಒಳಗೆ ಹೋದಳು. ಸರಿಯಾಗಿ ಒಂದಕ್ಕೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನನಗೂ ಆಗಲೇ ಹಸಿದಿತ್ತು.