ಗೆರೆ ಕಾಣದ ಆಕಾಶ

ಪೇಂಟ್ ಮೇಸ್ತ್ರಿಗೆ ಅವತ್ತು ಆದ ಅವಮಾನ ಸಣ್ಣದಲ್ಲ. ಇಪ್ಪತ್ತೆರಡು ವರ್ಷ ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿದ ಮಹಾನುಭಾವ (ಬಣ್ಣದ ಮಾತಿನಲ್ಲೂ ಕಡಿಮೆಯಿಲ್ಲ) ಎದುರಿಗೇ ಕೂತಿರುವಾಗ, ಎಂಟು ವರ್ಷದ ಮಗಳು ಪುಟ್ಟಿ ಚಿತ್ರದ ಹಾಳೆ, ಬಣ್ಣದ ಪೆನ್ಸಿಲ್ ಹಿಡಿದು ಅವನನ್ನು ದಾಟಿಕೊಂಡು ಹೊಲಿಗೆ ಮಿಷನ್ನಿನ ಹತ್ತಿರ ಹೋಗಿ ಕೇಳಿದಳು: "ಅಮ್ಮಾ, ಕಿತ್ತಳೆ ಬಣ್ಣ ನೀಲಿ ಜೊತೆ ಗೆರೆ ಕಾಣದ ಹಾಗೆ ಸೇರಿಸೋದು ನನ್ನ ಕೈಲಿ ಆಗ್ತಿಲ್ಲ, ನೀನು ಸೇರಿಸಿಕೊಡ್ತೀಯಾ?"

ಬಣ್ಣದ ವಿಷಯ! ಅದನ್ನು ಬಟ್ಟೆ ಹೊಲಿಯುವವಳನ್ನು ಕೇಳುವುದೇ!

"ಇಲ್ಲಿ ಕೊಡು," ಎಂದ ಮೇಸ್ತ್ರಿ. "ಎಂಥೆಂಥ ಬಂಗಲೆ ಮುಗಿಸಿದೀನಿ. ಇದು ಅಂಗೈಯಗಲ ಆಕಾಶ."

"ನಾಳೆ ಸ್ಕೂಲಲ್ಲಿ ಗೋಡೆಗೆ ಹಾಕ್ತಾರೆ ಅಪ್ಪಾ, ಹಾಳು ಮಾಡಬೇಡ."

"ಗೋಡೆಗೆ ತಾನೇ? ಗೋಡೆ ನನ್ನ ಇಲಾಖೆ."

"ಪೆನ್ಸಿಲ್ ಒತ್ತಬಾರದಂತೆ ರೀ, ಅವಳ ಮಿಸ್ ಹೇಳಿದಾರೆ," ಎಂದಳು ಹೆಂಡತಿ, ಸೂಜಿಯಿಂದ ಕಣ್ಣು ತೆಗೆಯದೆ.

"ಒತ್ತದೆ ಬಣ್ಣ ಹಿಡಿಯತ್ತೇನೇ?"

ಚಿತ್ರದ ಬಲಗಡೆಯಿಂದ ಶುರುಮಾಡಿ ಒತ್ತಿದ. ಕಿತ್ತಳೆಯ ಮೊನೆ ಮುರಿಯಿತು. (ಪೆನ್ಸಿಲ್ ಕಳಪೆ ಎಂದು ತೀರ್ಮಾನವಾಯಿತು.) ಮೊನೆ ಹೆರೆದು ಮತ್ತೆ ಒತ್ತಿದ. ಕಿತ್ತಳೆ ಮೇಣ ಮೆತ್ತಿದಂತೆ ಹೊಳೆಯತೊಡಗಿತು. ನೀಲಿ ಅದರ ಮೇಲೆ ಕೂರಲೊಪ್ಪದೆ ಜಾರಿತು. ಇನ್ನೂ ಒತ್ತಿದ. ಎರಡೂ ಕಲಸಿ ಕೆಸರಾಯಿತು. ಕೊನೆಗೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ.

ಆಕಾಶಕ್ಕೆ ತೂತು ಬಿತ್ತು.

ಪುಟ್ಟಿ ಬಾಯಿ ತೆರೆದಳು. ಮೂರು ಮನೆಯಾಚೆ ಯಾರೋ ಕಿಟಕಿ ಮುಚ್ಚಿದರು.

ಹೆಂಡತಿ ಎದ್ದು ಬಂದು ತೂತಿನ ಹಿಂದೆ ಕಾಗದ ಅಂಟಿಸಿದಳು. ಉಳಿದ ಎಡ ಅರ್ಧಕ್ಕೆ ಕೂತಳು. ಪೆನ್ಸಿಲನ್ನು ಹಿಂತುದಿಯಲ್ಲಿ ಸಡಿಲವಾಗಿ ಹಿಡಿದು, ಮಗುವಿನ ತಲೆ ಸವರಿದ ಹಾಗೆ ಪುಟ್ಟ ಪುಟ್ಟ ಸುತ್ತು ಹಾಕುತ್ತ ಕಿತ್ತಳೆಯನ್ನು ಮೇಲಕ್ಕೆ ತೆಳುವಾಗಿಸುತ್ತ ಹೋದಳು. ಮೇಲಿನಿಂದ ನೀಲಿ ಇಳಿಸಿದಳು. ನಡುವೆ ಗುಲಾಬಿ. ಒಂದರ ಮೇಲೊಂದು, ನಾಲ್ಕೈದು ಸಲ. ಕಡೆಯಲ್ಲಿ ಎಲ್ಲದರ ಮೇಲೆ ಬಿಳಿ ಪೆನ್ಸಿಲ್ ಆಡಿಸಿದಳು. ಯಾವುದು ಎಲ್ಲಿ ಮುಗಿಯಿತೋ ಮೇಸ್ತ್ರಿ ಕನ್ನಡಕ ಹಾಕಿ ಹುಡುಕಿದರೂ ಸಿಗಲಿಲ್ಲ.

"ಎಲ್ಲಿ ಕಲಿತೆ?"

"ಮಿಸ್ ಹೇಳಿಕೊಟ್ಟಿದ್ದನ್ನ ಇವಳು ಎರಡು ದಿನದಿಂದ ಒದರ್ತಾ ಇದಾಳೆ. ನೀವೂ ಇಲ್ಲೇ ಇದ್ರಿ."

ಮರುದಿನ ಶಾಲೆಯಲ್ಲಿ ಮೇಸ್ತ್ರಿ ಚಿತ್ರದಿಂದ ಮಾರು ದೂರ ನಿಂತಿದ್ದ. ಮಿಸ್ ಬಂದವರೇ ಕಣ್ಣರಳಿಸಿದರು. "ಎಡಗಡೆ ಎಷ್ಟು ನಯ! ಆದ್ರೆ ಬಲಗಡೆ ನೋಡಿ, ಬಿರುಗಾಳಿ ಏಳ್ತಾ ಇರೋದು ಎಷ್ಟು ಸಹಜವಾಗಿದೆ! ಇದನ್ನ ಯಾರು ಹೇಳಿಕೊಟ್ರು?"

ಮೇಸ್ತ್ರಿ ಒಂದೇ ಹೆಜ್ಜೆಗೆ ಮುಂದೆ ಬಂದು ಕಾಲರ್ ಸರಿಮಾಡಿಕೊಂಡ. "ಅದಕ್ಕೆಲ್ಲ ಅನುಭವ ಬೇಕು ಮಿಸ್. ಸುಮ್ನೆ ಬರಲ್ಲ..."

"ಅದು ಬಿರುಗಾಳಿ ಅಲ್ಲ ಮಿಸ್," ಎಂದಳು ಪುಟ್ಟಿ. "ಅದು ನಮ್ಮಪ್ಪ."